ಹದಿನೆಂಟರ ಹೊಸ್ತಿಲಲ್ಲಿ ಮಲಗಿರೋ ಮಗನನ್ನು ಎಬ್ಬಿಸೋದು ಹೇಗೆ?

ಮೇ ತಿಂಗಳು, ಬೆಳಿಗ್ಗೆ ಹನ್ನೊಂದು. ಬಾಗಲಕೋಟೆ ನವನಗರದಲ್ಲಿ ಬಿಸಿಲು ಆಗಲೇ ಹೊಸ್ತಿಲು ದಾಟಿದೆ. ಒಳಗೆ ಕೂಲರ್ ಗುರ್ ಅಂತಿದೆ. ಹದಿನೇಳೂವರೆ ವರ್ಷದ ಮಗ ಮಂಚದ ಮೇಲೆ, ಎದೆ ಮೇಲೆ ಮೊಬೈಲ್. ಎಂಟಕ್ಕೆ ಇಟ್ಟ ರೊಟ್ಟಿ ತಟ್ಟೆಯಲ್ಲೇ ಸೆಟೆದುಕೊಂಡಿದೆ, ಪಲ್ಯ ಒಣಗಿದೆ. "ಏಳೋ ತಮ್ಮಾ, ಹನ್ನೊಂದ ಆತು" ಅಂತ ಐದನೇ ಸಲ ಕೂಗಿದ್ದಾಯಿತು. ಒಳಗಿಂದ ಬಂದ ಉತ್ತರ ಇಷ್ಟೇ: "ಏಳ್ತೀನಿ ಬಿಡಬೇ."

ನಮ್ಮ ಮನೆಯಲ್ಲಿ ಇದು ಹತ್ತು ತಿಂಗಳು ನಡೆಯಿತು. ಮಗ ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಎರಡು ವಿಷಯ ಫೇಲಾಗಿದ್ದ. ನಾನು ಬೈದೆ, ಕಣ್ಣೀರಿಟ್ಟೆ, ಹರಕೆ ಹೊತ್ತೆ. ಅವರಪ್ಪ ಮಾತೇ ಬಿಟ್ಟರು. ಯಾವುದೂ ಕೆಲಸಕ್ಕೆ ಬರಲಿಲ್ಲ. ನನಗೆ ಆಮೇಲೆ ತಿಳಿದದ್ದು ಒಂದು ಮಾತು. ಅವನ ಪಾಲಿನ ಚಿಂತೆಯನ್ನೆಲ್ಲ ನಾವೇ ಮಾಡುತ್ತಿದ್ದೆವು. ಫೀ ನಮ್ಮ ಚಿಂತೆ, ಪರೀಕ್ಷೆ ಅರ್ಜಿ ನಮ್ಮ ಚಿಂತೆ, ಬೆಳಿಗ್ಗೆ ಏಳೋದೂ ನಮ್ಮದೇ ಚಿಂತೆ. ಅವನಿಗೆ ಅಂತ ಏನೂ ಉಳಿದೇ ಇರಲಿಲ್ಲ. ಕೆಳಗೆ ಬರೆದಿರೋದೆಲ್ಲ ಆ ಚಿಂತೆಯನ್ನು ಸ್ವಲ್ಪ ಸ್ವಲ್ಪವೇ ಅವನ ಕೈಗೆ ವಾಪಸ್ ಕೊಡೋ ಬಗೆ. ಮಗಳಾದರೂ ಇದೇ ದಾರಿ.

1. ಮೊದಲು ಮೈ ನೋಡಿ, ಮನಸ್ಸು ನೋಡಿ

ಸೋಮಾರಿ ಅನ್ನೋ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ರಕ್ತ ಕಡಿಮೆ ಇದ್ದರೆ, ಥೈರಾಯ್ಡ್ ಏರುಪೇರಾಗಿದ್ದರೆ, ಬಿ12 ಕಡಿಮೆ ಇದ್ದರೆ ಎಂಥ ಹುಡುಗನೂ ಮಲಗೇ ಇರುತ್ತಾನೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗೋ ಹುಡುಗಿಯರಿಗಂತೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲೇಬೇಕು. ಔಷಧಿ ಅಂಗಡಿಯಿಂದ ಟಾನಿಕ್ ತಂದು ಕುಡಿಸಿದರೆ ಕಾರಣ ಹಾಗೇ ಉಳಿಯುತ್ತದೆ.

ನಿದ್ದೆ ಬಗ್ಗೆ ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಹದಿಹರೆಯದಲ್ಲಿ ಮೈಯೊಳಗಿನ ಗಡಿಯಾರವೇ ಒಂದೆರಡು ತಾಸು ಹಿಂದೆ ಬೀಳುತ್ತದೆ. ರಾತ್ರಿ ಹತ್ತಕ್ಕೆ ನಮಗೆ ಕಣ್ಣು ಎಳೆದರೆ ಅವರಿಗೆ ಎಳೆಯೋದಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ದೆ ಬೇಕು. ಅದರ ಮೇಲೆ ಮೊಬೈಲ್ ಕೈಲಿದ್ದರೆ ರಾತ್ರಿ ಮೂರಾಗುತ್ತದೆ, ಬೆಳಿಗ್ಗೆ ಹನ್ನೊಂದಾಗುತ್ತದೆ. "ಬೇಗ ಮಲಗು" ಅನ್ನೋದರಿಂದ ಇದು ಸರಿಹೋಗೋದಿಲ್ಲ. ಏಳೋ ಹೊತ್ತನ್ನು ಹಿಡಿಯಿರಿ. ವಾರಕ್ಕೆ ಅರ್ಧ ತಾಸು ಮಾತ್ರ ಹಿಂದಕ್ಕೆ ತನ್ನಿ: ಈ ವಾರ ಹತ್ತೂವರೆ, ಮುಂದಿನ ವಾರ ಹತ್ತು. ಎದ್ದ ಕೂಡಲೇ ಚಹಾ ಹಿಡಿದುಕೊಂಡು ಅಂಗಳದ ಬೆಳಕಿಗೆ ಬರಲಿ. ರಾತ್ರಿ ಎಲ್ಲರ ಮೊಬೈಲೂ ಪಡಸಾಲೆಯಲ್ಲೇ ಚಾರ್ಜ್ ಆಗಲಿ. ಎಲ್ಲರದೂ ಅಂದರೆ ಅಪ್ಪನದೂ ಸೇರಿ. ನಮ್ಮಲ್ಲಿ ಇದು ಗಟ್ಟಿಯಾಗಿ ನಿಂತದ್ದು ಅವರಪ್ಪ ತಮ್ಮ ಮೊಬೈಲ್ ತಂದು ಇಟ್ಟ ದಿನದಿಂದ.

ಇನ್ನು ಮನಸ್ಸಿನ ವಿಷಯ. ಓದು ಬೇಡ ಅನ್ನೋ ಹುಡುಗ ಕ್ರಿಕೆಟ್ ಅಂದರೆ ಜಿಗಿದು ಏಳುತ್ತಾನೆ, ಗೆಳೆಯ ಕರೆದರೆ ಓಡುತ್ತಾನೆ. ಆದರೆ ಮೊದಲು ಇಷ್ಟವಾಗಿದ್ದುದೂ ಈಗ ಬೇಡವಾಗಿದ್ದರೆ? ಊಟ, ನಿದ್ದೆ ಕೆಟ್ಟಿದ್ದರೆ, ಗೆಳೆಯರ ಫೋನ್ ಎತ್ತದಿದ್ದರೆ, ಸ್ನಾನಕ್ಕೂ ಬೇಸರಪಟ್ಟರೆ, ಇದೆಲ್ಲ ಎರಡು ವಾರಕ್ಕಿಂತ ಜಾಸ್ತಿ ನಡೆದಿದ್ದರೆ ಅದು ಸೋಮಾರಿತನ ಅಲ್ಲ, ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಗ ಮಾತಾಡದಿದ್ದರೆ ನೀವೇ ಮಾಡಿ ಕೇಳಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವರ್ಷದವರಿಗೆ ಅಂತಲೇ ಸ್ನೇಹಾ ಕ್ಲಿನಿಕ್ ಇರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಕೂಡ ದೂರ ಅಲ್ಲ.

"ನಾ ಇಲ್ದಿದ್ರ ಚಲೋ ಇತ್ತು" ಅನ್ನೋ ಥರದ ಮಾತು ಬಂದರೆ ನಾಟಕ ಅಂತ ತಳ್ಳಿಹಾಕಬೇಡಿ. "ಸಾಯಬೇಕು ಅನಿಸ್ತದೇನಪಾ?" ಅಂತ ನೇರವಾಗಿ ಕೇಳಿ. ಕೇಳೋದರಿಂದ ಆ ವಿಚಾರ ಹೊಸದಾಗಿ ತಲೆಗೆ ಹೋಗೋದಿಲ್ಲ. ಅವನನ್ನು ಒಬ್ಬನೇ ಬಿಡಬೇಡಿ, ಹೊಲಕ್ಕೆ ತಂದ ಔಷಧಿ ಮನೆಯಲ್ಲಿದ್ದರೆ ಬೇರೆ ಕಡೆ ಸಾಗಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಉಳಿದ ಹೆಜ್ಜೆಗಳೆಲ್ಲ ಆಮೇಲೆ.

2. ಒಂದು ವಾರ ಸುಮ್ನೆ ಎಣಿಸಿ

ಮಗನನ್ನು ಅಲ್ಲ, ನಿಮ್ಮ ಮಾತನ್ನು. ನಾನು ಕ್ಯಾಲೆಂಡರಿನ ಹಿಂದೆ ಗೀಟು ಹಾಕಿದೆ. ಒಂದು ದಿನದಲ್ಲಿ ಅವನಿಗೆ 31 ಮಾತು ಆಡಿದ್ದೆ. ಅದರಲ್ಲಿ 27 ಮಾತು "ಏಳು", "ಉಣ್ಣು", "ಓದಿದಿ?", "ಮೊಬೈಲ್ ಇಡು" ಇಂಥವೇ. ಮನುಷ್ಯನ ಜೊತೆ ಮಾತಾಡಿದ ಹಾಗೆ ಆಡಿದ್ದು ಬರೀ ನಾಲ್ಕು. ಕೂತು ನೋಡಿದಾಗ ಕಣ್ಣಲ್ಲಿ ನೀರು ಬಂತು. ನೀವೂ ಎಣಿಸಿ, ಯಾರಿಗೂ ತೋರಿಸಬೇಕಾಗಿಲ್ಲ. ಎರಡನೇ ವಾರದಿಂದ ಏಳಿಸೋದು, ಉಣಿಸೋದು ಬಿಟ್ಟು ಬೇರೆ ಏನಾದರೂ ಒಂದು ಮಾತು ದಿನಕ್ಕೆ ಆಡಿ. ಊರಿನ ಸುದ್ದಿ, ಮ್ಯಾಚ್ ಸುದ್ದಿ, ನಿಮ್ಮ ಕೆಲಸದ ತಾಪತ್ರಯ, ಏನಾದರೂ ಸರಿ.

3. ಎದುರಾಬದುರು ಕೂಡಿಸಿ ಕೇಳಬೇಡಿ

"ಬಾ, ಕೂಡಿಲ್ಲೆ, ಮಾತಾಡೋದೈತಿ" ಅಂದ ಕೂಡಲೇ ಹುಡುಗನ ಬಾಯಿಗೆ ಬೀಗ ಬೀಳುತ್ತದೆ. ಮುಖ ಕಾಣದಿದ್ದಾಗ ಮಾತು ಬರುತ್ತದೆ. ಅಡುಗೆಮನೆಯಲ್ಲಿ ಶೇಂಗಾ ಬಿಡಿಸುವಾಗ, ಬಸ್ಸಿನಲ್ಲಿ, ಗಾಡಿ ಮೇಲೆ.

ನಾನು ಗುಳೇದಗುಡ್ಡಕ್ಕೆ ಖಣ ತರೋಕೆ ಸ್ಕೂಟಿ ಮೇಲೆ ಹೊರಟಿದ್ದೆ. ಚೀಲ ಹಿಡಿಯೋಕೆ ಬಾ ಅಂತ ಅವನನ್ನು ಹಿಂದೆ ಕೂರಿಸಿಕೊಂಡೆ. ಹೋಗುವಾಗ ಒಂದು ಮಾತೂ ಇಲ್ಲ. ವಾಪಸ್ ಬರುವಾಗ, ಚೀಲ ನಮ್ಮಿಬ್ಬರ ನಡುವೆ, ಹಿಂದಿನಿಂದ ದನಿ ಬಂತು: "ಯವ್ವಾ, ಫಿಸಿಕ್ಸ್ ನಂಗ ಮೊದಲನೇ ವಾರದಾಗ ತಿಳಿಯೋದು ಬಂದ್ ಆಗಿತ್ತು. ಎಲ್ಲಾ ಇಂಗ್ಲಿಷಿನ್ಯಾಗ. ಕೇಳಾಕ ನಾಚಿಕಿ ಬಂತು."

ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ಅಲ್ಲಿ ಒಳ್ಳೆ ಅಂಕ ಬಂತು ಅಂತ ನಾವೇ ವಿಜ್ಞಾನಕ್ಕೆ ಹಾಕಿದ್ದು, ಬೇರೆ ಊರಿನ ವಸತಿ ಕಾಲೇಜಿಗೆ ಸೇರಿಸಿದ್ದು. ಅಲ್ಲಿ ಎಲ್ಲವೂ ಇಂಗ್ಲಿಷ್. ನಮ್ಮ ಕಡೆಯ ಎಷ್ಟೋ ಮಕ್ಕಳು ಜಾರೋದು ಇದೇ ಜಾಗದಲ್ಲಿ. ಬುದ್ಧಿ ಕಡಿಮೆ ಅಂತಲ್ಲ, ಮೊದಲ ತಿಂಗಳು ಪಾಠ ಕೈತಪ್ಪಿತು, ಆಮೇಲೆ ಕೇಳೋ ಧೈರ್ಯ ಹೋಯಿತು. ಅದನ್ನು ಹೇಳಿಕೊಳ್ಳೋದಕ್ಕಿಂತ "ನಂಗ ಓದಾಕ ಮನಸಿಲ್ಲ" ಅನ್ನೋದು ಅವರಿಗೆ ಸುಲಭ. ನನಗೆ ಗಾಡಿ ನಿಲ್ಲಿಸಿ "ಮೊದಲ ಯಾಕ ಹೇಳಲಿಲ್ಲ?" ಅಂತ ಕೇಳಬೇಕು ಅನಿಸಿತು. ಕೇಳಲಿಲ್ಲ. "ಎರಡು ವರ್ಷ ಒಬ್ಬನ ಹೊತ್ಕೊಂಡು ಅಡ್ಡಾಡಿಯಲ್ಲೋ" ಅಂದೆ ಅಷ್ಟೇ. ಮುಂದಿನ ಹತ್ತು ನಿಮಿಷ ಅವನು ಮಾತಾಡುತ್ತಲೇ ಇದ್ದ.

ಇನ್ನೊಂದು. "ಮುಂದ ಏನ್ ಆಗ್ತಿ?" ಅನ್ನೋ ಪ್ರಶ್ನೆ ಹದಿನೇಳು ವರ್ಷದವರಿಗೆ ತುಂಬಾ ಭಾರ. "ಯಾವುದು ಬ್ಯಾಡೇ ಬ್ಯಾಡ?" ಅಂತ ಕೇಳಿ ನೋಡಿ. ಬೇಡವಾದದ್ದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಮ್ಮವನು ಪಟಪಟ ಹೇಳಿದ: ಆಫೀಸಿನಲ್ಲಿ ಕೂಡೋದು ಬೇಡ, ಮತ್ತೆ ಹಾಸ್ಟೆಲ್ ಬೇಡ, ಇಂಗ್ಲಿಷಿನಲ್ಲಿ ದಪ್ಪ ಪುಸ್ತಕ ಓದೋದು ಬೇಡ. ಅರ್ಧ ದಾರಿ ಅಲ್ಲೇ ತಿಳಿದುಹೋಯಿತು.

ಪಕ್ಕದ ಮನೆಯ ಹುಡುಗನ ಹೆಸರು ಎತ್ತಲೇಬೇಡಿ. ಮಗಳಿಗೆ "ಓದದಿದ್ರ ಮದುವಿ ಮಾಡಿ ಕಳಸ್ತೀವಿ" ಅನ್ನೋ ಬೆದರಿಕೆ ಹಾಕೋರಿಗೆ ನನ್ನದೊಂದು ಕಳಕಳಿಯ ಮಾತು: ಆ ಮಾತು ಕೇಳಿದ ಮೇಲೆ ಅವಳು ನಿಮ್ಮ ಹತ್ತಿರ ನಿಜವಾದ ಕಷ್ಟ ಹೇಳಿಕೊಳ್ಳೋದೇ ಇಲ್ಲ. ದಯವಿಟ್ಟು ಬಿಡಿ.

4. ಒಂದು ನಿಜವಾದ ಕೆಲಸ ಕೊಡಿ, ಆಮೇಲೆ ಕೈ ಹಾಕಬೇಡಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಮಾಡೋಕೆ ಆಗುತ್ತೆ ಅಂದರೆ ಇದನ್ನೇ ಮಾಡಿ.

ಕೆಲಸ ಹೇಗಿರಬೇಕು? ಮಾಡದಿದ್ದರೆ ಮನೆಗೆಲ್ಲ ಗೊತ್ತಾಗುವಂತಿರಬೇಕು. ನೆನಪಿಡೋದರಿಂದ ಮುಗಿಸೋ ತನಕ ಪೂರ್ತಿ ಅವನದೇ ಆಗಿರಬೇಕು. ತಪ್ಪಿದರೆ ತೊಂದರೆ ಆಗಬೇಕು, ಅನಾಹುತ ಆಗಬಾರದು. "ಅಂಗಡಿಗೆ ಹೋಗಿ ಸಕ್ಕರಿ ತಾ" ಅನ್ನೋದು ಇದಕ್ಕೆ ಸಾಲದು, ಅಲ್ಲಿ ನೆನಪಿಟ್ಟದ್ದು ನೀವು. ಅಜ್ಜಿಯ ಬಿಪಿ ಮಾತ್ರೆಯೂ ಬೇಡ, ಅದು ತಪ್ಪಿದರೆ ಅಪಾಯ.

ನಾವು ಕೊಟ್ಟದ್ದು ಗ್ಯಾಸ್ ಸಿಲಿಂಡರ್. ಬುಕ್ ಮಾಡೋದು, ಡೆಲಿವರಿ ಕೋಡ್ ಇಟ್ಟುಕೊಳ್ಳೋದು, ಗಾಡಿ ಬಂದಾಗ ಮನೆಯಲ್ಲಿರೋದು, ದುಡ್ಡು ಕೊಡೋದು. ಏಜೆನ್ಸಿಗೆ ಕೊಟ್ಟ ಮೊಬೈಲ್ ನಂಬರನ್ನೂ ಅವನದಕ್ಕೇ ಬದಲಾಯಿಸಿದೆವು. ಮೊದಲ ತಿಂಗಳು ಚೆನ್ನಾಗಿ ನಡೆಯಿತು. ಎರಡನೇ ತಿಂಗಳು ಮರೆತ. ನನಗೆ ಗೊತ್ತಿತ್ತು. ಒಲೆಯ ಉರಿ ಸಣ್ಣಗಾಗಿ ಹಳದಿ ತಿರುಗುತ್ತಿತ್ತು. ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಒಂದು ಬುಧವಾರ ಸಂಜೆ, ಬೇಳೆ ಅರ್ಧ ಬೆಂದಾಗ ಒಲೆ ಆರಿತು. ನಾನು ಪಡಸಾಲೆಗೆ ಬಂದು "ಸಿಲಿಂಡರ್ ಖಾಲಿ ಆಗೇತಪಾ" ಅಂದೆ. ದನಿ ಏರಿಸಲಿಲ್ಲ. ಅವನು ಗ್ಯಾಸ್ ಕಟ್ಟೆ ಮುಂದೆ ಬಂದು ಗುಂಡಿ ತಿರುಗಿಸಿದ, ಲೈಟರ್ ಒತ್ತಿದ, ಮತ್ತೆ ತಿರುಗಿಸಿದ. ಆಮೇಲೆ ಮೊಬೈಲ್ ತೆಗೆದ.

ಎರಡು ದಿನ ಓಣಿಯ ರೊಟ್ಟಿ ಮಾರೋ ಅಕ್ಕನ ಹತ್ತಿರ ಖಡಕ್ ರೊಟ್ಟಿ ತಂದು ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ಉಂಡೆವು. ತಂದವನು ಅವನೇ. ಬೇಳೆ ಕೆಟ್ಟಿತು, ಚೆಲ್ಲಿದೆವು. ಅವರಪ್ಪ ಏನೋ ಹೇಳೋಕೆ ಬಾಯಿ ತೆಗೆದರು, ನಾನು ಕಣ್ಣಲ್ಲೇ ತಡೆದೆ. ಮೂರನೇ ದಿನ ಸಿಲಿಂಡರ್ ಬಂತು. ತಾನೇ ಹೊತ್ತು ತಂದು ರೆಗ್ಯುಲೇಟರ್ ಹಾಕಿದ. ಅಂದಿನಿಂದ ಇವತ್ತಿನವರೆಗೆ ಒಂದು ಸಲವೂ ಖಾಲಿ ಆಗಿಲ್ಲ. ಹತ್ತು ತಿಂಗಳ ಬೈಗುಳ ಮಾಡದ ಕೆಲಸವನ್ನು ಎರಡು ದಿನದ ತಣ್ಣನೆ ರೊಟ್ಟಿ ಮಾಡಿತು.

ತಪ್ಪಿದ ದಿನ "ನಾ ಹೇಳಿದ್ನಿಲ್ಲ?" ಅಂದರೆ ಎಲ್ಲ ಕೆಟ್ಟಿತು. ಅವನ ತಲೆ ತನ್ನ ತಪ್ಪನ್ನು ಬಿಟ್ಟು ನಿಮ್ಮ ಮಾತಿನ ಮೇಲಿನ ಸಿಟ್ಟಿಗೆ ತಿರುಗುತ್ತದೆ. ಒಂದು ಕೆಲಸ ಕೈಹತ್ತೋಕೆ ಎರಡು ಮೂರು ತಿಂಗಳು ಬೇಕು. ಆಮೇಲೆ ಇನ್ನೊಂದು ಕೊಡಿ. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತಾರೆ ಅಂತ ನಾವು ಕಾಯುತ್ತೇವೆ, ಅಲ್ವಾ? ಈ ವಯಸ್ಸಲ್ಲಿ ಎಷ್ಟೋ ಸಲ ಕೆಲಸ ಮಾಡಿದ ಮೇಲೆಯೇ ಮನಸ್ಸು ಬರುತ್ತದೆ.

5. ದುಡ್ಡು, ಬೈಕು

ಕೇಳಿದಾಗೆಲ್ಲ ನೂರು, ಇನ್ನೂರು ಕೊಡೋದು ನಿಲ್ಲಿಸಿ. ತಿಂಗಳಿಗೆ ಇಷ್ಟು ಅಂತ ಒಂದನೇ ತಾರೀಖು ಕೊಡಿ. ರೀಚಾರ್ಜ್, ಕಟಿಂಗ್, ಗೆಳೆಯರ ಜೊತೆ ಚಹಾ, ಗಿರಮಿಟ್ಟು, ಎಲ್ಲ ಅದರಲ್ಲೇ. ಹದಿನೈದಕ್ಕೆ ಖಾಲಿಯಾದರೆ ಹದಿನಾರಕ್ಕೆ ಇಲ್ಲ. ಮನೆಯಲ್ಲಿ ಎಲ್ಲರೂ ಇದಕ್ಕೆ ಒಪ್ಪಬೇಕು. ನಮ್ಮ ಅತ್ತೆ ಸೆರಗಿನ ಗಂಟು ಬಿಚ್ಚಿ ಮೊಮ್ಮಗನ ಕೈಗೆ ಇನ್ನೂರು ತುರುಕುತ್ತಿದ್ದರು. ಅವರನ್ನು ಬೈದರೆ ಆಗೋದಲ್ಲ. "ಅತ್ತೀ, ಅವ ನಿಮಗ ಏನರ ಮಾಡಿಕೊಟ್ರ ಕೊಡ್ರಿ" ಅಂದೆ. ಈಗ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗೋದು ಅವನದೇ ಕೆಲಸ. ದುಡ್ಡು ಎಲ್ಲಿ ಹೋಯಿತು ಅಂತ ಲೆಕ್ಕವೇ ಸಿಗದಿದ್ದರೆ, ಸಾಲ ಮಾಡುತ್ತಿದ್ದರೆ, ಗುಟ್ಕಾ ಅಥವಾ ಮೊಬೈಲ್ ಬೆಟ್ಟಿಂಗ್ ಇದೆಯಾ ಅಂತ ನೋಡಿ. ಅದಕ್ಕೆ ಬೈಗುಳ ಸಾಲದು, ಮೊದಲ ಹೆಜ್ಜೆಯಲ್ಲಿ ಹೇಳಿದ ಕಡೆ ಸಹಾಯ ಕೇಳಬೇಕು.

"ಪಾಸಾದ್ರ ಬೈಕ್ ಕೊಡಿಸ್ತೀನಿ" ಅಂತ ನಮ್ಮ ಮನೆಯಲ್ಲೂ ಆಸೆ ತೋರಿಸಿದ್ದೆವು. ಅದು ಎರಡು ರೀತಿಯಲ್ಲಿ ತಪ್ಪು. 1971ರಲ್ಲಿ ಎಡ್ವರ್ಡ್ ಡೀಸಿ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಕಾಲೇಜು ವಿದ್ಯಾರ್ಥಿಗಳಿಗೆ ಒಗಟಿನ ಆಟ ಕೊಟ್ಟು ನೋಡಿದ್ದರು. ಒಗಟು ಬಿಡಿಸಿದ್ದಕ್ಕೆ ದುಡ್ಡು ಪಡೆದವರು, ದುಡ್ಡು ನಿಂತ ಮೇಲೆ ಬಿಡುವಿನಲ್ಲಿ ಅದನ್ನು ಆಡೋದನ್ನೇ ಕಡಿಮೆ ಮಾಡಿದರು. ಓದಿಗೆ ಬೈಕ್ ಕಟ್ಟಿದರೆ ಓದು ಬೈಕಿಗೆ ಕೊಡೋ ಕಂತಾಗುತ್ತದೆ, ಅಷ್ಟೇ. ಎರಡನೆಯದು ಕಾನೂನು. 18 ತುಂಬದವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬೋ ತನಕ ಲೈಸೆನ್ಸ್ ಸಿಗೋದಿಲ್ಲ. ನಮ್ಮ ಊರುಗಳಲ್ಲಿ ಇದನ್ನು ಯಾರೂ ಗಂಭೀರವಾಗಿ ತಗೊಳ್ಳೋದಿಲ್ಲ. ದಯವಿಟ್ಟು ತಗೊಳ್ಳಿ.

6. ದಾರಿಗಳನ್ನು ಬಾಯಲ್ಲಿ ಹೇಳಬೇಡಿ, ಕರೆದುಕೊಂಡು ಹೋಗಿ ತೋರಿಸಿ

ಫೇಲಾದ ಹುಡುಗನಿಗೆ ಎಲ್ಲ ಬಾಗಿಲೂ ಮುಚ್ಚಿದ ಹಾಗೆ ಕಾಣುತ್ತದೆ. ಆದರೆ 2024ರಿಂದ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಬಹುದು. ಉಳಿದ ವಿಷಯ ಮಾತ್ರ ಬರೆದರೆ ಸಾಕು. ಐಟಿಐ ಮತ್ತು ಪಾಲಿಟೆಕ್ನಿಕ್ ಸೀಟು ಸಿಗೋದು ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಅಂದರೆ ಪಿಯುಸಿ ಕೈಕೊಟ್ಟರೂ ಆ ಬಾಗಿಲು ತೆರೆದೇ ಇದೆ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಬೆಳಗಾವಿಯ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಮತ್ತು ಡೈ ಮೇಕಿಂಗ್ (ಉಪಕರಣ, ಅಚ್ಚು ತಯಾರಿಸೋ) ಡಿಪ್ಲೊಮಾ ಇದೆ, ಕೈಯಲ್ಲಿ ಕೆಲಸ ಮಾಡೋದು ಇಷ್ಟ ಇರೋ ಹುಡುಗರಿಗೆ ಹೇಳಿ ಮಾಡಿಸಿದ್ದು. 18 ತುಂಬಿದವರಿಗೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿಯ ಆರ್‌ಸೆಟಿ ಕೇಂದ್ರಗಳಲ್ಲಿ ಊಟ, ವಸತಿ ಸಮೇತ ಉಚಿತ ತರಬೇತಿ ಸಿಗುತ್ತದೆ. ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆ ಇಂಥವು.

ಸೇನೆಗೆ ಹೋಗೋ ಆಸೆ ನಮ್ಮ ಭಾಗದಲ್ಲಿ ಜಾಸ್ತಿ. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟ್ ಕೇಂದ್ರ ಬೆಳಗಾವಿಯಲ್ಲೇ ಇದೆ. ಅಗ್ನಿವೀರರಿಗೆ ಹದಿನೇಳೂವರೆ ವರ್ಷ ತುಂಬಿರಬೇಕು, ಓಟ 1.6 ಕಿಲೋಮೀಟರ್. ಸೇವೆ 4 ವರ್ಷ, ಆಮೇಲೆ ಕಾಯಂ ಆಗೋದು 25% ಜನ ಮಾತ್ರ ಅನ್ನೋದನ್ನು ಅವನಿಗೆ ಮೊದಲೇ ಹೇಳಿ.

ಇಷ್ಟನ್ನೂ ಒಂದೇ ಸಂಜೆ ಕೂಡಿಸಿ ಹೇಳಿದರೆ ಅವನು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾನೆ. ನಾವು ಒಂದು ಶನಿವಾರ ಬೆಳಗಾವಿಗೆ ಬಸ್ ಹತ್ತಿದೆವು. ಉದ್ಯಮಬಾಗದಲ್ಲಿ ಪರಿಚಯದವರ ಒಂದು ಮಷೀನ್ ಶಾಪ್ ಇತ್ತು. ಅಲ್ಲಿ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಲೇತ್ ಮೇಲೆ ಕಬ್ಬಿಣದ ಸರಳು ತಿರುವುತ್ತಿದ್ದ, ಸುರುಳಿ ಸುರುಳಿಯಾಗಿ ಚೂರು ಬೀಳುತ್ತಿತ್ತು. ಅದನ್ನು ಅಳತೆ ಮಾಡಿ ನಮ್ಮವನ ಕೈಗಿಟ್ಟ. ಇಬ್ಬರೂ ಅರ್ಧ ತಾಸು ಮಾತಾಡಿದರು. ನಾವು ಹೊರಗೆ ಚಹಾ ಕುಡಿಯುತ್ತ ನಿಂತೆವು. ಅಪ್ಪ ಅಮ್ಮ ಹೇಳಿದರೆ ಬೋಧನೆ, ನಾಲ್ಕು ವರ್ಷ ದೊಡ್ಡ ಹುಡುಗ ಹೇಳಿದರೆ ಸುದ್ದಿ. ನಿಮ್ಮ ಊರಲ್ಲೂ ಇಂಥವರು ಸಿಗುತ್ತಾರೆ: ರಬಕವಿ-ಬನಹಟ್ಟಿಯ ಪವರ್‌ಲೂಮ್, ತಿಕೋಟಾದ ಒಣದ್ರಾಕ್ಷಿ ಶೆಡ್ಡು, ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯ. ಮೂರು ಕಡೆ ಹೋಗಿ ಬನ್ನಿ, ಸಾಕು. ಬರುವಾಗ "ಹೆಂಗನಿಸ್ತು?" ಅಂತ ಒಂದೇ ಸಲ ಕೇಳಿ.

ಒಂದು ಎಚ್ಚರ. ಸಿಟ್ಟಿನ ಭರದಲ್ಲಿ "ಫೌಂಡ್ರಿಗೆ ಹಾಕಿದ್ರ ಬುದ್ಧಿ ಬರ್ತೈತಿ" ಅನ್ನೋ ಅಪ್ಪಂದಿರಿದ್ದಾರೆ. ಫೌಂಡ್ರಿ ಕೆಲಸ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯೋದು, ಕಾನೂನಿನ ಪ್ರಕಾರ ಅಪಾಯಕಾರಿ, 18 ತುಂಬದವರನ್ನು ಅಲ್ಲಿ ದುಡಿಸೋ ಹಾಗಿಲ್ಲ. ನೋಡೋಕೆ ಹೋಗೋದು ಬೇರೆ, ದುಡಿಸೋದು ಬೇರೆ.

7. ಹದಿನೆಂಟರ ಕಾಗದಪತ್ರ ಅವನೇ ಮಾಡಿಸಲಿ

ಇದು ಸಣ್ಣ ವಿಷಯ, ಆದರೆ ಮೈಯಲ್ಲಿ ಹುರುಪು ತುಂಬುತ್ತದೆ. ಮತದಾರರ ಪಟ್ಟಿಗೆ 17 ತುಂಬಿದ ಮೇಲೆಯೇ ನಮೂನೆ 6ರಲ್ಲಿ ಮುಂಚಿತವಾಗಿ ಅರ್ಜಿ ಹಾಕಬಹುದು. 18 ತುಂಬಿದ ಕೂಡಲೇ ಬ್ಯಾಂಕಿಗೆ ಹೋಗಿ ಮೈನರ್ ಖಾತೆ ಬದಲಾಯಿಸಿ ತನ್ನ ಸಹಿ ಕೊಟ್ಟು ಬರಲಿ. ಲರ್ನಿಂಗ್ ಲೈಸೆನ್ಸ್ ತಗೊಂಡು 30 ದಿನ ಆದ ಮೇಲೆ ಪಕ್ಕಾ ಲೈಸೆನ್ಸ್ ಪರೀಕ್ಷೆ. ನೀವು ಜೊತೆಗೆ ಹೋಗಬೇಡಿ, ಏಜೆಂಟನ್ನೂ ಹಿಡಿಯಬೇಡಿ. ನಮ್ಮವನು ಒಂದು ಜೆರಾಕ್ಸ್ ಮರೆತು ಎರಡು ಸಲ ಅಲೆದ. ಮೂರನೇ ಸಲ ಫೈಲ್ ಮಾಡಿಕೊಂಡು ಹೋದ.

8. ಒಂದು ಹಾಳೆಯಲ್ಲಿ ಬರೆದುಕೊಳ್ಳಿ

18ರ ಹುಟ್ಟುಹಬ್ಬದ ಮರುದಿನ ಮೂವರೂ ಕೂತು ಬರೆದೆವು. ನಾವು ಏನು ಕೊಡುತ್ತೇವೆ: ಊಟ, ಮನೆ, ಒಂದು ಕೋರ್ಸಿನ ಫೀ, ತಿಂಗಳ ದುಡ್ಡು. ಅವನು ಏನು ಮಾಡುತ್ತಾನೆ: ಓದು, ಕೆಲಸ ಅಥವಾ ತರಬೇತಿ, ಮೂರರಲ್ಲಿ ಒಂದು ಇರಲೇಬೇಕು. ಬೆಳಿಗ್ಗೆ ಎಂಟಕ್ಕೆ ಏಳಬೇಕು, ರಾತ್ರಿ ತಡವಾದರೆ ಫೋನ್ ಮಾಡಬೇಕು. ನಾವು ಏನು ಮಾಡೋದಿಲ್ಲ: ಎಬ್ಬಿಸೋದಿಲ್ಲ, ಅವನ ಮೊಬೈಲ್ ತೆಗೆದು ನೋಡೋದಿಲ್ಲ, ಬಂಧುಗಳ ಮುಂದೆ ಅವನ ಫೇಲಿನ ಮಾತು ತೆಗೆಯೋದಿಲ್ಲ. ಈ ಕೊನೆಯದನ್ನು ಬರೆಸಿದ್ದು ಅವನೇ. ಹಾಳೆಯಲ್ಲಿ ನಮ್ಮ ಪಾಲೂ ಇರದಿದ್ದರೆ ಅದು ಅಪ್ಪಣೆ ಚೀಟಿ ಆಗುತ್ತದೆ, ಹುಡುಗ ಸಹಿ ಹಾಕಿ ಮರೆತುಬಿಡುತ್ತಾನೆ.

ಮೂರು ತಿಂಗಳಿಗೊಮ್ಮೆ ತೆಗೆದು ಓದಿ. ಮುರಿದ ಸಾಲು ಇದ್ದರೆ ಯಾಕೆ ಮುರಿಯಿತು ಅಂತ ನೋಡಿ ತಿದ್ದಿ. ಒಂದೇ ಹಿಡಿತಕ್ಕೆ ಯಾವ ಮನೆಯಲ್ಲೂ ನಿಲ್ಲೋದಿಲ್ಲ. ನಮ್ಮವನು ಈಗ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಎರಡನೇ ವರ್ಷ. ಪಿಯುಸಿಯ ಒಂದು ವಿಷಯ ಬರೆದು ಪಾಸಾದ, ಇನ್ನೊಂದು ಹಾಗೇ ಇದೆ. ಭಾನುವಾರ ಇನ್ನೂ ಹನ್ನೊಂದಕ್ಕೇ ಏಳುತ್ತಾನೆ, ಅದನ್ನು ಹಾಳೆಯಲ್ಲೇ ಒಪ್ಪಿಕೊಂಡಿದ್ದೇವೆ. ಹಾಳೆ ಫ್ರಿಜ್ ಮೇಲೆ, ಗ್ಯಾಸ್ ಪುಸ್ತಕದ ಕೆಳಗೆ ಇದೆ. ಮುಂದಿನ ಸಲ ಓದೋದು ದೀಪಾವಳಿ ಪಾಡ್ಯದ ದಿನ. ಈ ಸಲ ತನ್ನದೊಂದು ಸಾಲು ಸೇರಿಸಬೇಕು ಅಂದಿದ್ದಾನೆ. ಏನು ಅಂತ ನಾನು ಇನ್ನೂ ಕೇಳಿಲ್ಲ.